ಚಾಪೆಯ ಮನೆಯ ಬೀಗತಿ

ಮಾಸೂರಿನ ಕೆರೆಯ ನೀರುಣ್ಣುವ ಗದ್ದೆಗಳ ಮಗ್ಗುಲಲ್ಲೇ ನಮ್ಮ ಕೂಸಿನ ಮನೆ ಇದೆ. ಕೂಲಿಗೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ನನ್ನ ಹತ್ತಿರ ಬಿಟ್ಟು ಸಂಜೆ ಕರೆದೊಯ್ಯುತ್ತಾರೆ. ಮೂರು ತುಂಬಿದ ಮಗು ಅಂಗನವಾಡಿಗೆ ಹೋಗುತ್ತದೆ. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ನನಗೆ ಈ ಕೆಲಸ ಸಿಕ್ಕಿತು. ಹಗಲೆಲ್ಲ ಕಿವಿ ಗುಂಯ್ಗುಡುವಷ್ಟು ಗದ್ದಲ. ಮನೆಗೆ ಹೋದರೆ ತಾಟು ಇಟ್ಟ ಸದ್ದೂ ದೊಡ್ಡದಾಗಿ ಕೇಳುತ್ತದೆ.

ಮಕ್ಕಳು ಆಟ ಹೂಡಿದಾಗ ದೊಡ್ಡವರು ಮೂಗು ತೂರಿಸಬಾರದು, ಅವು ಹೇಳಿದ ಪಾತ್ರ ಮಾಡಬೇಕು ಎಂದು ತರಬೇತಿಯಲ್ಲಿ ಒತ್ತಿ ಹೇಳಿದ್ದರು. ನಮ್ಮಲ್ಲಿ ಆಟದ ಯಜಮಾನಿಕೆಯೆಲ್ಲ ಒಬ್ಬ ಹುಡುಗಿಯದು. ಮೂರು ತುಂಬಲು ಬಂದಿದ್ದ ಅವಳು ಚಾಪೆ ಹಾಸಿದರೆ ಅದು ಮನೆ. ಉಳಿದವರೆಲ್ಲ ಅವಳ ಮಕ್ಕಳು, ತೊಟ್ಟಿಲಲ್ಲಿ ಮಲಗಿದ್ದ ಕೂಸೂ ಸೇರಿ. ನಾನು ಮಾತ್ರ ಯಾವಾಗಲೂ ಪರವೂರಿಂದ ಬಂದ ಬೀಗತಿ. ಮಣ್ಣಿನ ರೊಟ್ಟಿ ಬಡಿದು ಹಾಕುತ್ತಿದ್ದಳು, ನಾನು ಬಾಯಿ ಚಪ್ಪರಿಸುತ್ತಿದ್ದೆ. ಆಮೇಲೆ ಥೇಟ್ ತನ್ನ ಅವ್ವನ ಹಾಗೆ "ಹೋಗಿ ಬರ್ರಿ" ಎನ್ನುತ್ತಿದ್ದಳು. ಎದ್ದು ಹೊಸ್ತಿಲಾಚೆ ಹೋಗಿ ನಿಲ್ಲಬೇಕು. ಮೊದಮೊದಲು ನಗು ಬರುತ್ತಿತ್ತು. ಬರಬರುತ್ತ, ಆ ಚಾಪೆಯ ಮನೆಯಲ್ಲಾದರೂ ಒಮ್ಮೆ ಮನೆಯವಳಾಗಬೇಕು ಎಂಬ ಹುಚ್ಚು ಹತ್ತಿತು. ಈ ವಯಸ್ಸಿಗೆ ಎಂಥ ಆಸೆ ನೋಡಿ.

ಅವಳು ಅಂಗನವಾಡಿಗೆ ಹೋಗುವ ಹಿಂದಿನ ದಿನ ತರಬೇತಿಯ ಮಾತನ್ನು ಮೂಲೆಗಿಟ್ಟು ಕೇಳಿಯೇಬಿಟ್ಟೆ.

"ಇವತ್ತ ನಾ ಹೋಗಂಗಿಲ್ಲ. ಇಲ್ಲೇ ಇರಲೇನವಾ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಬ್ಯಾಡ. ನಿಮಗ ನಿಮ್ಮನಿ ಐತಲ್ಲಾ."

ಎದ್ದು ಹೊರಟೆ. "ತಡೀರಿ" ಎಂದವಳೇ ಆಟಿಕೆ ಬುಟ್ಟಿಯಿಂದ ಮರದ ತುಂಡುಗಳನ್ನು ಬೊಗಸೆ ತುಂಬ ತಂದು "ಸೆರಗ ಹಿಡೀರಿ" ಎಂದಳು.

ಮನೆಗೆ ಬಂದ ಮುತ್ತೈದೆಯನ್ನು ನಮ್ಮ ಕಡೆ ಉಡಿ ತುಂಬದೆ ಕಳಿಸುವುದಿಲ್ಲ. ಅಕ್ಕಿ, ಉತ್ತತ್ತಿ, ಕುಬಸದ ಖಣ ಸೆರಗಿಗೆ ಹಾಕುತ್ತಾರೆ. ಗಂಡ ಸತ್ತವಳಿಗೆ ತುಂಬುವುದಿಲ್ಲ ಎಂಬುದನ್ನು ಆ ಮಗುವಿಗೆ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿತ್ತು. ಆದರೂ ಸೆರಗು ಒಡ್ಡಿದೆ. ಎಷ್ಟೋ ವರ್ಷಗಳ ಮೇಲೆ ನನ್ನ ಉಡಿಯಲ್ಲಿ ಏನೋ ಬಿತ್ತು.

ಅಷ್ಟರಲ್ಲಿ ಅವಳ ತಾಯಿ ಗದ್ದೆಯ ಕೆಸರುಗಾಲಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಮುಖ ಸಣ್ಣದು ಮಾಡಿಕೊಂಡು ಮಗಳ ರಟ್ಟೆ ಹಿಡಿದಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಸಣ್ಣದೈತಿ, ಅದಕ್ಕ ತಿಳಿಯಂಗಿಲ್ಲ."

"ಅದಕ್ಕ ಬೈಬ್ಯಾಡವಾ" ಎಂದೆ.

ಹುಡುಗಿ ಅವ್ವನ ಕಂಕುಳೇರಿ ಹೋದಳು. ತಿರುಗಿ ನೋಡಲಿಲ್ಲ, ಆ ವಯಸ್ಸಿನವರಿಗೆ ಅಂಥ ಚಾಳಿ ಇರುವುದಿಲ್ಲ. ಉಳಿದ ಮಕ್ಕಳೂ ಹೋದ ಮೇಲೆ ತುಂಡುಗಳನ್ನು ಬುಟ್ಟಿಗೆ ಹಾಕಬೇಕಿತ್ತು. ಆದರೆ ತುಂಬಿದ ಉಡಿಯನ್ನು ನಡುವೆ ಬಿಚ್ಚಬಾರದು, ಮನೆಗೇ ಒಯ್ಯಬೇಕು. ಸೆರಗು ಬಿಗಿಯಾಗಿ ಹಿಡಿದು, ಎದುರಾದವರ ಮುಖ ನೋಡದೆ ನಡೆದೆ.

ಬೀಗ ತೆಗೆದು ಒಳಗೆ ಹೋಗಿ ನಿಂತೆ. ಉಡಿ ತುಂಬಿಸಿಕೊಂಡು ಬಂದವಳನ್ನು ಮನೆಯವರು "ಯಾರ ಮನಿಗೆ ಹೋಗಿದ್ದಿ?" ಎಂದು ಕೇಳುತ್ತಾರೆ. ನನ್ನನ್ನು ಕೇಳುವವರು ಯಾರೂ ಇರಲಿಲ್ಲ.