ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ

ಆ ಆರು ಮಹಡಿಯ ವಿಮಾ ಕಚೇರಿಯಲ್ಲಿ ಎಲ್ಲರಿಗಿಂತ ಮೇಲೇರಿದವರು ಯಾರೆಂದು ಕೇಳಿದರೆ ಜನ ಜನರಲ್ ಮ್ಯಾನೇಜರರ ಕೋಣೆಯತ್ತ ಬೆರಳು ತೋರಿಸುತ್ತಿದ್ದರು. ತಪ್ಪು. ದಿನಕ್ಕೆ ನೂರಿಪ್ಪತ್ತು ಸಲ ಆರನೇ ಮಹಡಿಗೇರಿ, ಅಷ್ಟೇ ಸಲ ಕಿಂಚಿತ್ತೂ ಗರ್ವವಿಲ್ಲದೆ ನೆಲಕ್ಕಿಳಿಯುತ್ತಿದ್ದ ಮಹಾನುಭಾವ ಒಬ್ಬನೇ: ಲಿಫ್ಟಿನವನು. ಎಲ್ಲರೂ ಅವನನ್ನು ಪೈಲಟ್ ಎನ್ನುತ್ತಿದ್ದರು. ಮೂವತ್ತೊಂದು ವರ್ಷಗಳಿಂದ ಮರದ ಸ್ಟೂಲು ಅವನ ಸಿಂಹಾಸನ, ಹಿತ್ತಾಳೆಯ ಹಿಡಿಕೆ ಅವನ ರಾಜದಂಡ. ಪ್ರಜೆಗಳು ಒಂದು ಸಲಕ್ಕೆ ಆರೇ ಮಂದಿ. ಏಳನೆಯವರು ಕಾಲಿಟ್ಟರೆ ಸಾಮ್ರಾಜ್ಯವೇ ಕಿರ್ರೆನ್ನುತ್ತಿತ್ತು.

ಈ ಸಾಮ್ರಾಜ್ಯಕ್ಕೊಂದು ರಾಜರಹಸ್ಯವಿತ್ತು. ಹಾವು ಮುಂಗುಸಿಯಂತಿದ್ದ ಇಬ್ಬರು ಅಧಿಕಾರಿಗಳು ಒಟ್ಟಿಗೆ ಹತ್ತಿದರೆಂದರೆ ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟು ಕೆಡುತ್ತಿತ್ತು. ಪೈಲಟ್ ಹಿಡಿಕೆಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದು, ಹಳೆಯ ಯಂತ್ರದ ಮೇಲೊಂದು ನಿಟ್ಟುಸಿರು ಬಿಟ್ಟು, ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ತ್ರಿಶಂಕು ಸ್ವರ್ಗದಲ್ಲಿ ಮೊದಲೆರಡು ನಿಮಿಷ ಮೌನ. ಆಮೇಲೆ ಸೆಖೆಯ ಬಗ್ಗೆ ಮಾತು. ಆಮೇಲೆ ಮೀಟಿಂಗುಗಳಲ್ಲಿ ಆರು ತಿಂಗಳು ಕೊಳೆತಿದ್ದ ವಿಷಯ ತಾನಾಗಿ ಬಾಯಿಗೆ ಬರುತ್ತಿತ್ತು. "ಸರಿ, ಹಾಗೇ ಮಾಡೋಣ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಯಂತ್ರಕ್ಕೆ ಜೀವ ಬರುತ್ತಿತ್ತು.

ಹೀಗಿರುವಾಗ ಸುದ್ದಿ ಬಂತು: ಗುಂಡಿ ಒತ್ತಿದರೆ ಸಾಕು, ತಾನೇ ಓಡುವ ಹೊಸ ಲಿಫ್ಟು ತರಿಸುತ್ತಾರಂತೆ. ನಿವೃತ್ತಿಗೆ ಇನ್ನೆರಡು ವರ್ಷವಿದ್ದ ಪೈಲಟ್‌ಗೆ ನೆಲಮಾಳಿಗೆಯಲ್ಲಿ ಕಾಲು ಮುರಿದ ಕುರ್ಚಿಗಳನ್ನು ಕಾಯುವ ಕೆಲಸವಂತೆ. ಭಾನುವಾರ ಮನೆಯಲ್ಲಿ ಕೂತರೇ ಉಂಡದ್ದು ಕರಗದ ಮನುಷ್ಯ ಅವನು. ಆ ಆದೇಶಕ್ಕೆ ಸಹಿ ಹಾಕುವ ಮೊದಲು ಜನರಲ್ ಮ್ಯಾನೇಜರರು ಒಂದು ಮಾತು ಹೇಳಿದರು. ಸಂಸ್ಥೆಗಳು ಹೇಗೆ ನಡೆಯುತ್ತವೆಂದು ಸಂಶೋಧನೆ ಮಾಡಲು ವಿಶ್ವವಿದ್ಯಾಲಯದಿಂದ ಒಬ್ಬಳು ಬಂದಿದ್ದಾಳಲ್ಲ, ಈ ಹುದ್ದೆ ಬೇಕೋ ಬೇಡವೋ ಅವಳೇ ನೋಡಿ ಹೇಳಲಿ.

ಅವಳ ಬಳಿ, ಕಚೇರಿಯಲ್ಲಿ ಯಾರ ಕೈಕೆಳಗೆ ಯಾರು ಎಂದು ತೋರಿಸುವ ಆರಡಿ ಉದ್ದದ ನಕ್ಷೆಯಿತ್ತು. ತುಂಬ ಚೌಕಗಳು, ಬಾಣಗಳು. ತೋಟದವನಿಗೂ ಒಂದು ಚೌಕವಿತ್ತು. ಪೈಲಟ್ ತನ್ನದನ್ನು ಬಗ್ಗಿ ಬಗ್ಗಿ ಹುಡುಕಿದ.

"ನಿಮ್ಮನ್ನ ಎಲ್ಲಿ ಹಾಕೋದು ಗೊತ್ತಾಗ್ಲಿಲ್ಲ ಅಂಕಲ್," ಎಂದಳು ಸಂಶೋಧಕಿ. "ನೀವು ಯಾವ ಮಹಡೀಲೂ ನಿಲ್ಲಲ್ವಲ್ಲ."

ಮೂರು ದಿನ ಅವಳು ಲಿಫ್ಟಿನ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ನಿಂತಳು. ಮೂರು ದಿನವೂ ಪೈಲಟ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಗಂಡಿನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತ. ಲಿಫ್ಟು ಒಮ್ಮೆಯೂ ಕೆಡಲಿಲ್ಲ. ಅದೇ ಎಡವಟ್ಟಾಯಿತು. ಮೆಟ್ಟಿಲ ಗೋಡೆಗೆ ಕೆನೆಬಣ್ಣವೋ ಬೂದುಬಣ್ಣವೋ ಎಂದು ಖರೀದಿ ವಿಭಾಗದವರಿಗೂ ಕಟ್ಟಡ ವಿಭಾಗದವರಿಗೂ ಎರಡು ತಿಂಗಳಿಂದ ಮಾತುಕತೆ ನಿಂತಿತ್ತು. ಬಣ್ಣದವರ ಅಟ್ಟಣಿಗೆ ಅರ್ಧ ದಾರಿಯಲ್ಲಿ ಒಣಗುತ್ತಿತ್ತು. ಆ ಎರಡು ವಿಭಾಗಗಳ ಮುಖ್ಯಸ್ಥರು ಹನ್ನೊಂದು ಸಲ ಒಟ್ಟಿಗೆ ಹತ್ತಿ, ಬಲ್ಬು ನೋಡುತ್ತ ನಿಂತು, ತಂತಮ್ಮ ಮಹಡಿಯಲ್ಲಿ ಇಳಿದುಹೋದರು. ಮೂರನೇ ಸಂಜೆ ಪೈಲಟ್ ಓರೆಗಣ್ಣಿನಿಂದ ನೋಟ್‌ಬುಕ್ ಓದಿದ: "ಇಲ್ಲಿ ಏನೂ ನಡೆಯುವುದಿಲ್ಲ."

ಮನೆಗೆ ಹೋಗಿ ಹೆಂಡತಿಯೆದುರು ಮೂವತ್ತೊಂದು ವರ್ಷದ ಗುಟ್ಟನ್ನು ಬಿಚ್ಚಿದ. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಿಡಿಕೆ ಎಳೆದದ್ದು ಗೊತ್ತಾದರೆ ನೆಲಮಾಳಿಗೆಯೂ ಇಲ್ಲ, ನೇರ ಮನೆಗೇ ಎಂದು ಅವನು ಗೋಳಾಡಿದ.

"ನೋಡೋಕೆ ಜನ ಬಂದಿದಾರೆ ಅಂತ ಒಲೇನೇ ಹಚ್ಚದೆ ಕೂತ್ರೆ, ಇವಳಿಗೆ ಅಡುಗೆ ಬರಲ್ಲ ಅಂತಾನೇ ಅಂದ್ಕೋತಾರೆ," ಎಂದಳು ಹೆಂಡತಿ. "ನಾಳೆ ಹೋಗಿ ನಿಮ್ಮ ಕೆಟ್ಟ ಕೆಲಸಾನ ನೆಟ್ಟಗೆ ಮಾಡಿ."

ನಾಲ್ಕನೇ ದಿನ ಹನ್ನೊಂದು ಗಂಟೆಗೆ, ಸಂಶೋಧಕಿ ಮೂಲೆಯಲ್ಲಿ ನಿಂತಿರುವಾಗಲೇ, ಇಬ್ಬರು ಮುಖ್ಯಸ್ಥರೂ ಹತ್ತಿದರು. ಮೂರನೇ ಮಹಡಿ ದಾಟಿತು. ರಣರಂಗದಲ್ಲಿ ಕತ್ತಿ ಹಿರಿಯುವ ವೀರನಂತೆ, ಆದರೆ ಬೆವರಿದ ಕೈಯಿಂದ, ಪೈಲಟ್ ಹಿಡಿಕೆ ಎಳೆದ. ಎರಡು ನಿಮಿಷ ಮೌನ. ಸೆಖೆ. ಏಳನೇ ನಿಮಿಷದಲ್ಲಿ ಒಬ್ಬರು, ಕೆಳಗಿನರ್ಧ ಬೂದು ಇರಲಿ, ಕೊಳೆ ಕಾಣಿಸುವುದಿಲ್ಲ ಎಂದರು. ಇನ್ನೊಬ್ಬರು ಮೇಲಿನರ್ಧ ಕೆನೆಗೆ ಒಪ್ಪಿದರು. ಲಿಫ್ಟು ಮೇಲೆ ಹೋಯಿತು.

ಇಬ್ಬರೂ ಇಳಿದ ಮೇಲೆ ಸಂಶೋಧಕಿ ಅವನನ್ನೇ ನೋಡಿದಳು. "ಕೆಟ್ಟಿದ್ದೋ, ಕೆಡಿಸಿದ್ದೋ?"

"ಕೆಡಿಸಿದ್ದಮ್ಮ. ಕೆಲಸಕ್ಕೆ ಸೇರಿದ ವರ್ಷದಿಂದ ಕೆಡಿಸ್ತಾನೇ ಇದೀನಿ. ಬರ್ಕೊಳ್ಳಿ."

ಅವಳು ಬರೆದುಕೊಂಡಳು. ಅಷ್ಟೇ ಅಲ್ಲ, ನೆಲದ ಮೇಲೇ ಕೂತು, ಯಾರು ಯಾರು, ಯಾವ ವಿಷಯ, ಎಷ್ಟು ನಿಮಿಷ ಎಂದೆಲ್ಲ ಕೇಳಿದಳು. ಅವನು ಊಟದ ಹೊತ್ತು ಮೀರುವವರೆಗೆ ಹೇಳಿದ.

ವರದಿ ಆರನೇ ಮಹಡಿಗೆ ಹೋಯಿತು. ಸ್ವಯಂಚಾಲಿತ ಲಿಫ್ಟು ಬಲು ವೇಗ, ಜಗಳ ಮುಗಿಯುವ ಮೊದಲೇ ಮಹಡಿ ಬಂದುಬಿಡುತ್ತದೆ. ಈ ಸಂಸ್ಥೆಯ ನಿರ್ಧಾರಗಳಿಗೆ ನಿಧಾನದ ಯಂತ್ರವೂ ನಡೆಸುವವನೂ ಅವಶ್ಯಕ ಎಂದಿತ್ತಂತೆ. ಹಿಡಿಕೆಯ ಮಾತು ಬರೆದಿದ್ದಳೋ ಇಲ್ಲವೋ ಪೈಲಟ್‌ಗೆ ತಿಳಿಯಲಿಲ್ಲ. ಎರಡು ದಿನ ಅವನಿಗೆ ನಿದ್ದೆಯಿಲ್ಲ.

ಮೂರನೇ ಬೆಳಿಗ್ಗೆ ಜನರಲ್ ಮ್ಯಾನೇಜರರು ಲಿಫ್ಟಿನೊಳಕ್ಕೆ ಬಂದರು. ಹಿಂದೆಯೇ, ಅವರೊಂದಿಗೆ ವರ್ಷದಿಂದ ಮುಖ ಕೊಟ್ಟು ಮಾತಾಡದ ಕಾರ್ಮಿಕ ಸಂಘದ ಅಧ್ಯಕ್ಷ. ಮ್ಯಾನೇಜರರು ಪೈಲಟ್‌ನ ಕಿವಿಯ ಬಳಿ ಬಗ್ಗಿದರು.

"ಹೊಸ ಲಿಫ್ಟ್ ಬೇಡ ಅಂದ್ಬಿಟ್ಟೆ ಕಣಯ್ಯ," ಎಂದರು ಮೆಲ್ಲಗೆ. "ಇವತ್ತು ಸ್ವಲ್ಪ ದೊಡ್ಡದಾಗೇ ಕೆಡ್ಲಿ."

ಪೈಲಟ್ ಗಂಭೀರವಾಗಿ ತಲೆಯಾಡಿಸಿ ಬಾಗಿಲೆಳೆದ.