ಮಣ್ಣಿನ ಪೆಟ್ಟಿಗೆಗೆ ಬರೆದ ಕೈಪಿಡಿ

ಮಣ್ಣು ಪರೀಕ್ಷೆಯ ಪೆಟ್ಟಿಗೆ ಇಂಡಿಗೆ ಬಂದಾಗ ನಾನು ಅಲ್ಲಿ ಗ್ರಾಮಸೇವಕನಾಗಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಗಾಜಿನ ನಳಿಕೆಗೆ ಚಿಟಿಕೆ ಮಣ್ಣು ಹಾಕಿ, ಔಷಧಿಯ ಹನಿ ಬಿಟ್ಟು ಅಲುಗಾಡಿಸಿ, ಮೇಲೆ ನಿಂತ ನೀರಿನ ಬಣ್ಣ ನೋಡಿದರೆ ಹೊಲಕ್ಕೆ ಯಾವ ಗೊಬ್ಬರ ಕಡಿಮೆ ಎಂದು ತಿಳಿಯುತ್ತಿತ್ತು. ಪೆಟ್ಟಿಗೆಯೊಳಗಿನ ಪುಸ್ತಕ ಮಾತ್ರ ಇಂಗ್ಲಿಷಿನದು. "ಕನ್ನಡದಾಗ ಒಂದೊಂದು ಕೈಪಿಡಿ ಬರೀರಿ. ಚಲೋ ಇದ್ದದ್ದನ್ನ ಸುತ್ತಲಿನ ನಾಕೂ ತಾಲೂಕಿಗೆ ಅಚ್ಚು ಹಾಕಸ್ತೇವಿ," ಎಂದು ನಮ್ಮ ಮೇಲಿನ ಸಾಹೇಬರು ನನಗೂ ಸಿಂದಗಿಯ ಗ್ರಾಮಸೇವಕನಿಗೂ ಹೇಳಿದರು.

ನನಗೆ ಆ ಅಚ್ಚು ಬೇಕೇ ಬೇಕಿತ್ತು. ಸಾಲೋಟಗಿಯ ಹತ್ತಿರ ಹೊಲ ಮಾಡಿಕೊಂಡಿದ್ದ ಅಪ್ಪ, ನನ್ನ ನೌಕರಿಯನ್ನು "ಬಾಟ್ಲಿಯೊಳಗ ಮಣ್ಣು ಅಲ್ಲಾಡ್ಸೂ ಕೆಲಸ" ಎಂದು ಕಟ್ಟೆಯ ಮೇಲೆ ಕುಳಿತು ಆಡಿಕೊಳ್ಳುತ್ತಿದ್ದ. ನಾನು ಬರೆದ ಪುಸ್ತಕವನ್ನು ಅವನ ಕೈಗೆ ಕೊಡಬೇಕು, ಅಷ್ಟೇ. "ಕ್ಷೇತ್ರದ ಪ್ರಾತಿನಿಧಿಕ ಮೃತ್ತಿಕಾ ಮಾದರಿಯನ್ನು ಸಂಗ್ರಹಿಸತಕ್ಕದ್ದು" ಎಂದು ಶುರು ಮಾಡಿದೆ. ಆ ವಾಕ್ಯದ ಮೇಲೆ ನನಗೆ ಬಹಳ ಅಭಿಮಾನ.

ನಮ್ಮ ರೈತರದ್ದೊಂದು ರೂಢಿಯಿತ್ತು. ಮಣ್ಣು ತನ್ನಿ ಎಂದರೆ ತಿಪ್ಪೆಯ ಮಗ್ಗುಲಿನ ಕರಿಮಣ್ಣನ್ನೇ ಆರಿಸಿ, ಹಸನು ಮಾಡಿ, ಹೊಸ ಅರಿವೆಯಲ್ಲಿ ಕಟ್ಟಿ ತರುತ್ತಿದ್ದರು. ಸರಕಾರದವರ ಮುಂದೆ ಭೂಮಿತಾಯಿಯ ಮಾನ ಹೋಗಬಾರದಲ್ಲ! ಪರೀಕ್ಷೆಯಲ್ಲಿ ಎಲ್ಲರ ಹೊಲವೂ ಬಂಗಾರ. ಸಿಂದಗಿಯವನು ತನ್ನ ಕೈಪಿಡಿಯಲ್ಲಿ ಇದಕ್ಕೇ ಬರೆದಿದ್ದ: "ಹೆಣ್ಣು ತೋರಸೂ ಹಂಗ ಮಣ್ಣಿಗೆ ಸಿಂಗಾರ ಮಾಡಬ್ಯಾಡ್ರಿ. ಇದು ಬೀಗರ ಮನಿ ಅಲ್ಲ, ದವಾಖಾನಿ. ಬೆಳಿ ಬಾರದ ಮೂಲಿ ಮಣ್ಣೂ ತರ್ರಿ." ಇದೂ ಒಂದು ಬರವಣಿಗೆಯೇ ಎಂದು ನಕ್ಕೆ.

ಅಚ್ಚಾದದ್ದು ಅದೇ. ಮುದ್ದೇಬಿಹಾಳ, ಬಾಗೇವಾಡಿಯ ಸಂತೆಗಳಲ್ಲೂ ಜನ ಅದನ್ನು ಓದಿಸಿ ಕೇಳಿ ನಗುತ್ತಿದ್ದರಂತೆ. ನನಗೆ ಹೊಟ್ಟೆಯೊಳಗೆ ಬೆಂಕಿ. ಅವನು ಎದುರಾದರೆ "ಭಾಳ ಚಲೋ ಬರದೀರಿ" ಅನ್ನುತ್ತಿದ್ದೆ, ಹಲ್ಲು ಕಚ್ಚಿಕೊಂಡು. ಒಂದಾದರೂ ತಪ್ಪು ಸಿಗಲಿ ಎಂದು ಆ ಕೈಪಿಡಿಯನ್ನು ಪುಟಪುಟ ಜಾಲಾಡಿದೆ. ಹಾಳಾದ್ದು, ಸಿಗಲಿಲ್ಲ.

ಒಂದು ಮುಂಜಾನೆ ಅಪ್ಪ ನನ್ನ ಕಚೇರಿಗೆ ಬಂದ. ಅಲ್ಲಿಯವರೆಗೆ ಅವನು ಆ ಕಡೆ ಹಾಯ್ದವನೇ ಅಲ್ಲ. ಟವೆಲಿನಲ್ಲಿ ಕಟ್ಟಿ ತಂದಿದ್ದ ಮಣ್ಣನ್ನು ಮೇಜಿನ ಮೇಲೆ ಬಿಚ್ಚಿದ. ಬಿಳಿಚಿಕೊಂಡ, ಸುಣ್ಣದ ಹರಳು ತುಂಬಿದ ಮಣ್ಣು. ನಮ್ಮ ಹೊಲದ ಆ ಬೆಳೆ ಬಾರದ ಮೂಲೆಯ ಬಗ್ಗೆ ಅವನು ಹೊರಗಿನವರ ಮುಂದೆ ಎಂದೂ ಬಾಯಿ ಬಿಟ್ಟಿರಲಿಲ್ಲ. ನನ್ನ ಎದೆ ಉಬ್ಬಿತು. ನಳಿಕೆಯನ್ನು ಕೈಗೆತ್ತಿಕೊಂಡೆ.

"ನೀ ತಡಿ," ಎಂದ ಅಪ್ಪ. "ಆ ಪುಸ್ತಕ ಬರದಾಂವ ಇಲ್ಲಿಗೆ ಯಾವಾಗ ಬರ್ತಾನ? ಅವನ ಕಡೀಂದನ ನೋಡಸ್ತೇನಿ."