ನೆಕ್ಕರೆ ಹೂವಿನ ಪಂಚಮ

ಫೋನಿನಲ್ಲಿ ‘ದುಂಬಿ’ ಎಂದು ಬರೆಯುವುದು ಸುಲಭದ ಕೆಲಸವಲ್ಲ. ನಾನು ‘ದು’ ಒತ್ತಿ ಆ ಸೊನ್ನೆ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಫೋನೇ ಮುಂದೆ ಬಿದ್ದು ‘ದುಬೈ’ ಎಂದು ಬರೆದು ಮುಗಿಸುತ್ತದೆ. ಮನೆಗೊಬ್ಬರು ಗಲ್ಫಿನಲ್ಲಿರುವ ಕಾಸರಗೋಡಿನ ಫೋನಲ್ಲವೇ, ಅದಕ್ಕೂ ಅಭ್ಯಾಸವಾಗಿರಬೇಕು.

ಹಾಗಾಗಿ ಕಳೆದ ಮಳೆಗಾಲದ ಕೊನೆಗೆ ನಾನು ಮೊಮ್ಮಗಳಿಗೆ ಕಳಿಸಿದ ಮೊದಲ ವರದಿ ಹೀಗಿತ್ತು: ‘ದುಬೈ ಬಂತು. ಹೂವಿನ ಮೇಲೆ ಕೂತಿತು. ಎದ್ದು ಹೋಯಿತು.’ ಅದು ಮೊಮ್ಮಗಳಿಗೆ ಹೋಗದೆ ಮನೆಯವರೆಲ್ಲ ಇರುವ ಗುಂಪಿಗೆ ಹೋಯಿತು. ಗಲ್ಫಿನಲ್ಲಿರುವ ನನ್ನ ತಂಗಿಯ ಮಗ ಕೂಡಲೇ ನನ್ನ ಸೊಸೆಗೆ ಫೋನ್ ಮಾಡಿ, ದೊಡ್ಡಮ್ಮ ಸರಿ ಇದ್ದಾರಾ ಎಂದು ಮೆಲ್ಲ ವಿಚಾರಿಸಿದನಂತೆ. ದೊಡ್ಡಮ್ಮ ಸಂಶೋಧನೆಯಲ್ಲಿದ್ದಾರೆ ಎಂದು ಸೊಸೆ ಹೇಳಿದಳಂತೆ. ಅವನ ಗಾಬರಿ ಇನ್ನೂ ಹೆಚ್ಚಾಯಿತಂತೆ.

ಆದರೆ ಅವಳು ಹೇಳಿದ್ದು ಸುಳ್ಳಲ್ಲ. ನಾನು ಸಂಶೋಧನೆಯಲ್ಲೇ ಇದ್ದೆ.

ಮೊಮ್ಮಗಳು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಕೊನೆಯ ವರ್ಷ ಒಂದು ವಿಷಯ ಹಿಡಿದು ತಾವೇ ಕೆಲಸ ಮಾಡಿ ತೋರಿಸಬೇಕು. ಇವಳು ಹಿಡಿದದ್ದು ನೆಕ್ಕರೆ ಗಿಡ. ನಮ್ಮ ಮನೆಯಿಂದ ಸ್ವಲ್ಪ ಹತ್ತಿದರೆ ಅನಂತಪುರದ ಕಡೆಯ ಪದವು, ಕೆಂಪು ಮುರಕಲ್ಲಿನ ಸಮತಟ್ಟು ಬಯಲು. ಅದರ ಅಂಚಿನಲ್ಲಿ ನೇರಳೆ ಬಣ್ಣದ ಐದು ಎಸಳಿನ ಹೂ ಬಿಡುವ ಆ ಪೊದೆ ಬೇಕಾದಷ್ಟು ಉಂಟು. ಹಣ್ಣು ತಿಂದರೆ ನಾಲಿಗೆ ಶಾಯಿ ಕುಡಿದ ಹಾಗೆ ಕಪ್ಪಾಗುತ್ತದೆ. ನಾವು ಶಾಲೆಗೆ ಹೋಗುವಾಗ ಯಾರು ಹಣ್ಣು ಕದ್ದರೆಂದು ತಿಳಿಯಲು ನಾಲಿಗೆ ಚಾಚಿಸಿದರೆ ಸಾಕಿತ್ತು. ಅದರ ಲ್ಯಾಟಿನ್ ಹೆಸರಿಗೂ ‘ಕಪ್ಪು ಬಾಯಿ’ ಎಂದೇ ಅರ್ಥವಂತೆ. ಆ ಹೆಸರು ಇಟ್ಟವನೂ ಎಲ್ಲೋ ಕದ್ದು ತಿಂದವನೇ ಇರಬೇಕು ಎಂದು ನನಗೆ ಬಹಳ ಸಂತೋಷವಾಯಿತು.

ಈ ಹೂವಿನ ಗುಟ್ಟು ಮೊಮ್ಮಗಳು ನನಗೆ ಅಡುಗೆಮನೆಯಲ್ಲಿ ಕಲಿಸಿದ್ದು, ಕಾಳುಮೆಣಸಿನ ಪುಡಿ ಉದುರಿಸುವ ತೂತಿನ ಡಬ್ಬಿ ಹಿಡಿದುಕೊಂಡು. ಬೇರೆ ಹೂಗಳಲ್ಲಿ ಪರಾಗ ಹೊರಗೇ ಅಂಟಿಕೊಂಡಿರುತ್ತದೆ. ನೆಕ್ಕರೆಯದ್ದು ಕೊಳವೆಯೊಳಗೆ. ತುದಿಯಲ್ಲಿ ಸೂಜಿಯ ಮೊನೆಯಷ್ಟು ತೂತು. ದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಆಡಿಸದೆ ಮೈಯನ್ನೇ ಗುಂಯ್ ಎಂದು ಅದುರಿಸಬೇಕು. ಆಗ ಪರಾಗ ಆ ತೂತಿನಿಂದ ಉದುರುತ್ತದೆ. ಅದೂ ಪೂರ್ತಿಯಲ್ಲ, ಸ್ವಲ್ಪ ಸ್ವಲ್ಪ.

ಸೊಸೆ ಕುಂಬಳೆಯಲ್ಲಿ ಸಹಕಾರಿ ಬ್ಯಾಂಕಿನಲ್ಲಿರುವವಳು. ಬಟ್ಟೆ ಮಡಚುತ್ತ ಇದನ್ನೆಲ್ಲ ಕೇಳುತ್ತಿದ್ದವಳು ಅಲ್ಲಿಂದಲೇ ಹೇಳಿದಳು: “ಅದು ನಮ್ಮ ಬ್ಯಾಂಕಿನ ಪಿಗ್ಮಿ ಅಲ್ವಾ, ದಿನಾ ಬಾಗಿಲಿಗೆ ಬಂದು ಚಿಲ್ಲರೆ ಕಟ್ಟಿಸಿಕೊಳ್ಳುವುದು? ಒಬ್ಬನ ಕೈಗೇ ಎಲ್ಲ ಕೊಟ್ರೆ ಅವ ಹೋದ ದಾರಿಯಲ್ಲೇ ಮುಗೀತು. ದಿನಾ ಬರುವವನಿಗೆ ಚೂರು ಚೂರು ಕೊಟ್ರೆ ಅದು ಹತ್ತು ಕಡೆ ಸೇರ್ತದೆ.”

ಮೊಮ್ಮಗಳು ಡಬ್ಬಿ ಕೆಳಗಿಟ್ಟು ತಾಯಿಯನ್ನೇ ನೋಡಿದಳು. ಗಿಡದ ಬಗ್ಗೆ ಓದಿದವರು ಹೇಳುವುದೂ ಅದನ್ನೇ ಅಂತೆ. ಹೂ ಲೆಕ್ಕಾಚಾರದ ಪ್ರಾಣಿ ಎಂದು ನಾನು ಆ ದಿನ ತಿಳಿದುಕೊಂಡೆ. ಸೊಸೆಯೂ ಹಾಗೆಯೇ, ಆದರೆ ಅದು ನನಗೆ ಮೊದಲೇ ಗೊತ್ತಿತ್ತು.

ಮೊಮ್ಮಗಳ ಕಾಲೇಜಿನ ಸರ್‌ಗೆ ಮಾತ್ರ ಈ ವಿಷಯದಲ್ಲಿ ನಂಬಿಕೆ ಇರಲಿಲ್ಲ. ದುಂಬಿಗೆ ಹೇಳಿ ಕರೆಸಲು ಆಗುವುದಿಲ್ಲ, ಹೂ ಒಂದೇ ದಿನದ್ದು, ಮಳೆ ಬಂದರೆ ಕೆಲಸ ಕೆಟ್ಟಿತು, ಎಲೆ ಅಳೆಯುವ ಸುಲಭದ ವಿಷಯ ತೆಗೆದುಕೊ ಎಂದಿದ್ದರು. ಅವರು ಹೇಳಿದ್ದು ಅವಳ ಒಳ್ಳೆಯದಕ್ಕೇ. ಇವಳು ಹಟ ಹಿಡಿದಳು. ಕೊನೆಗೆ ಸರ್ ಒಂದು ಮಾತಿಗೆ ಒಪ್ಪಿದರು: ತಿಂಗಳ ಕೊನೆಗೆ ಎಲ್ಲರ ಮುಂದೆ ಏನಾದರೂ ಗಟ್ಟಿಯಾದದ್ದು ತೋರಿಸಿದರೆ ನೆಕ್ಕರೆ ಇರಲಿ, ಇಲ್ಲದಿದ್ದರೆ ಎಲೆ.

ಇದಾದ ಮರುವಾರವೇ ಅವಳು ಪದವಿನಲ್ಲಿ ಹಾವಸೆ ಹಿಡಿದ ಕಲ್ಲಿನ ಮೇಲೆ ಜಾರಿದಳು. ಕಾಲಿನ ಮಣಿಗಂಟು ಹಲಸಿನಕಾಯಿಯಷ್ಟು ಬಾತಿತು. ಡಾಕ್ಟರು ಪಟ್ಟಿ ಕಟ್ಟಿ, ನೆಲಕ್ಕೆ ಕಾಲು ಊರಬಾರದು ಎಂದರು. ಅವಳು ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ, “ಎಲೆಯೇ ಆಗಲಿ” ಎಂದಳು. ಆ ಮಾತು ನನಗೆ ಸಹಿಸಲಾಗಲಿಲ್ಲ. ಹುಟ್ಟಿದಲ್ಲಿಂದ ಈ ಹುಡುಗಿ ಎರಡನೆಯದ್ದಕ್ಕೆ ಒಪ್ಪಿದವಳಲ್ಲ. ತೊಟ್ಟಿಲಿನಲ್ಲೂ ನನ್ನದೇ ಹಾಡು ಬೇಕೆಂದು ಕಿರುಚಿದವಳು.

“ನಾನು ಹೋಗಿ ಕೂತ್ಕೊಳ್ತೇನೆ. ಎಂತ ನೋಡ್ಬೇಕು ಹೇಳು” ಎಂದೆ.

ಅವಳು ಗೋಡೆ ಬಿಟ್ಟು ನನ್ನ ಕಡೆ ಹೊರಳಿದಳು. ಆಮೇಲೆ ಹೇಳಿಕೊಟ್ಟಳು: ಯಾವ ಗಿಡ, ಯಾವ ಕೊಂಬೆ, ಬಂದದ್ದು ದೊಡ್ಡ ಕಪ್ಪು ದುಂಬಿಯೋ ಸಣ್ಣ ನೊಣವೋ. “ಮತ್ತೆ ಕೂತ ಕೂಡಲೇ ಸ್ವರ ನೋಡಿ ಅಜ್ಜಿ. ಅದೇ ಮುಖ್ಯ. ಅದನ್ನು ಬರೆದು ಕಳಿಸಿ.”

ಇಲ್ಲಿ ನಮ್ಮ ಊರಿನ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಸ್ವರ ಎಂದರೆ ಶಬ್ದ, ಧ್ವನಿ, ಎಲ್ಲವೂ. ಶೀತವಾದರೆ ಸ್ವರ ಬೀಳುತ್ತದೆ. ಸ್ಕೂಟರ್ ಕೆಡುವ ಮೊದಲು ಅದರ ಸ್ವರ ಬೇರೆಯಾಗುತ್ತದೆ. ಮೊಮ್ಮಗಳು ಕೇಳಿದ್ದು ಇಷ್ಟೇ: ಗುಂಯ್ ಎಂದಿತೋ ಇಲ್ಲವೋ. ಆದರೆ ನಾನು ಎರಡು ವರ್ಷದಿಂದ ಶನಿವಾರ ಶನಿವಾರ ಭಜನಾ ಮಂದಿರದ ಸಂಗೀತ ಕ್ಲಾಸಿಗೆ ಹೋಗುವವಳು. ನನ್ನ ಸಹಪಾಠಿಗಳಿಗೆಲ್ಲ ಹಾಲುಹಲ್ಲು ಬೀಳುವ ಪ್ರಾಯ. ನನಗೂ ಹಲ್ಲು ಬೀಳುತ್ತಿರುವುದರಿಂದ ಹೊಂದಾಣಿಕೆ ಉಂಟು. ಫೋನ್ ತೆಗೆಸಿಕೊಂಡದ್ದೇ ಶ್ರುತಿಯ ಆ್ಯಪ್ ಬೇಕೆಂದು. ಸ್ವರ ಎಂದು ಕೇಳಿದರೆ ಈಗ ನನ್ನ ತಲೆಗೆ ಬರುವುದು ಒಂದೇ ಪ್ರಶ್ನೆ: ಏಳರಲ್ಲಿ ಯಾವುದು?

ಹೀಗೆ ನಾನು ಕೊಡೆ, ಪ್ಲಾಸ್ಟಿಕ್ ಸ್ಟೂಲು, ಫೋನ್ ಹಿಡಿದು ಪದವು ಹತ್ತಿದೆ. ಮಳೆ ಬಿಟ್ಟಿತ್ತು. ಕಲ್ಲಿನ ಗುಳಿಗಳಲ್ಲಿ ನಿಂತ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ಕೈಗಾರಿಕಾ ಎಸ್ಟೇಟಿಗೆ ಕೆಲಸಕ್ಕೆ ಹೋಗುವ ಹೆಂಗಸರು ಆ ದಾರಿಯಲ್ಲೇ ನಡೆಯುವವರು. ಗಿಡದ ಬುಡದಲ್ಲಿ ಒಬ್ಬಳೇ ಕೂತ ಮುದುಕಿಯನ್ನು ಕಂಡರೆ ಸುಮ್ಮನೆ ಹೋಗುತ್ತಾರೆಯೇ? ಒಬ್ಬಳು ಹತ್ತಿರವೇ ಬಂದಳು.

“ಎಂತ ಅಜ್ಜಿ, ಇಲ್ಲಿ ಕೂತದ್ದು?”

“ಪಿಗ್ಮಿಯವನಿಗೆ ಕಾಯ್ತಾ ಇದ್ದೇನೆ.”

“ಈ ಗುಡ್ಡೆಗೆ ಬರ್ತಾನಾ ಅವ?”

“ಈಗ ಒಮ್ಮೆ ಬಂದು ಹೋದ. ಕಪ್ಪು ಕೋಟು, ಸ್ವಲ್ಪ ದಪ್ಪ. ಪುನಃ ಬರ್ತಾನೆ.”

ಅವಳು ನನ್ನನ್ನೂ ಸುತ್ತಲಿನ ಬಯಲನ್ನೂ ನೋಡಿ, ಜಾಗ್ರತೆ ಅಜ್ಜಿ ಎಂದು ಹೇಳಿ ಬೇಗ ಬೇಗ ಹೋದಳು.

ಕೋಟಿನವನು ಮತ್ತೆ ಬಂದ. ಹಾರುವಾಗ ಅವನದ್ದು ತಗ್ಗಿನ ಸ್ವರ. ನಾನು ಆ್ಯಪಿನಲ್ಲಿ ಶ್ರುತಿಯನ್ನು ಇಳಿಸುತ್ತ ಇಳಿಸುತ್ತ ಹೋಗಿ ಅವನ ಹಾರಾಟಕ್ಕೆ ಕೂಡಿಸಿದೆ. ಅದು ಷಡ್ಜ, ಅಂದರೆ ಸ, ಎಂದುಕೊಂಡೆ. ಅವನು ಹೂವಿಗೆ ಅಂಟಿ ಕೂತ. ಒಂದು ಕ್ಷಣ ಸ್ವರವೇ ಇಲ್ಲ. ಆಮೇಲೆ ಗುಂಯ್ ಎಂದದ್ದು ಮೇಲಿನಿಂದ ಬಂತು. ಕೂತ ದುಂಬಿ ಹಾರುವ ದುಂಬಿಗಿಂತ ಎತ್ತರದಲ್ಲಿ ಹಾಡುತ್ತಿತ್ತು. ಮನಸ್ಸಿನಲ್ಲೇ ಸ ರಿ ಗ ಮ ಎಂದು ಹತ್ತಿ ನೋಡಿದೆ, ಐದನೆಯದಕ್ಕೆ, ಪಂಚಮಕ್ಕೆ, ಕೂಡಿತು. ಮುಂದಿನ ಹೂವಿನಲ್ಲೂ ಹಾಗೆಯೇ. ಬೇರೆ ದುಂಬಿಯಲ್ಲೂ ಹಾಗೆಯೇ.

ಆ ದಿನದ ಎರಡನೆಯ ವರದಿಯನ್ನು ಗುಂಪಿಗೆ ಹೋಗದ ಹಾಗೆ ನೋಡಿಕೊಂಡು, ಬೆರಳು ನೋಯುವಷ್ಟು ಹೊತ್ತು ಟೈಪ್ ಮಾಡಿ ಕಳಿಸಿದೆ: ‘ದುಬೈ ಹಾರುವಾಗ ಸ. ಕೂತಾಗ ಪ.’

ಮನೆಗೆ ಬಂದಾಗ ಮೊಮ್ಮಗಳು ಹಾಸಿಗೆಯಲ್ಲಿ ನಗುತ್ತ ಇದ್ದಳು. ಕಾಲು ಉಳುಕಿದ ಮೇಲೆ ಮೊದಲ ಸಲ ನಕ್ಕದ್ದು. ಸ್ವರ ಬಂತಾ ಇಲ್ಲವಾ ಎಂದಷ್ಟೇ ಬೇಕಿತ್ತು, ನೀವು ಸ್ವರ ಹಾಕಿ ಕಳಿಸಿದ್ದೀರಿ ಎಂದಳು. ನಾನು ಸ್ವಲ್ಪ ಕೋಪದಿಂದಲೇ, ಸ್ವರ ಕೇಳಿದವಳು ನೀನು ಎಂದೆ. ಅವಳ ನಗು ಮೆಲ್ಲ ನಿಂತಿತು.

“ಅಜ್ಜಿ, ಕೂತಾಗ ಏರ್ತದಾ? ಪ್ರತಿ ಸಲ?”

“ಪ್ರತಿ ಸಲ.”

ಅವಳು ಲ್ಯಾಪ್‌ಟಾಪ್ ಎಳೆದುಕೊಂಡು ಓದಲು ಕೂತಳು. ಬೇರೆ ದೇಶಗಳಲ್ಲಿ ಬೇರೆ ಹೂಗಳ ಮೇಲೆ ಇದನ್ನು ಅಳೆದವರು ಇದ್ದಾರೆ, ನಾವೇನೂ ಮೊದಲಿಗರಲ್ಲ ಎಂದು ಮರುದಿನ ಹೇಳಿದಳು. ಆದರೆ ನಮ್ಮ ಪದವಿನ ನೆಕ್ಕರೆಯ ಮೇಲೆ ಅಳೆದವರು ಅವಳಿಗೆ ಸಿಕ್ಕಿರಲಿಲ್ಲ. ಶಬ್ದ ಉಂಟು, ಇಲ್ಲ ಎಂದು ಗುರುತು ಹಾಕುವುದಷ್ಟೇ ಅವಳ ಯೋಚನೆಯಲ್ಲಿತ್ತು. ಎಷ್ಟು ಎತ್ತರದ ಶಬ್ದಕ್ಕೆ ಹೂ ಪರಾಗ ಬಿಡುತ್ತದೆ ಎಂದು ಕೇಳಬಹುದೆಂದು ಈಗ ಹೊಳೆಯಿತು. ಸರ್‌ಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿ, ಅಜ್ಜಿಯ ಕಿವಿ ಒಳ್ಳೆಯದೇ ಇರಬಹುದು, ಆದರೆ ಕಿವಿಯನ್ನು ಕಂಪ್ಯೂಟರಿಗೆ ಹಾಕಲು ಆಗುವುದಿಲ್ಲ, ರೆಕಾರ್ಡ್ ಬೇಕು ಎಂದರು. ನ್ಯಾಯದ ಮಾತು.

ಆಮೇಲಿನ ದಿನಗಳಲ್ಲಿ ಎರಡು ಫೋನ್ ಹಿಡಿದು ಹೋದೆ. ಮಗನ ಹಳೆಯದ್ದು ರೆಕಾರ್ಡಿಗೆ, ನನ್ನದು ಶ್ರುತಿಗೆ. ಶ್ರುತಿ ಪಕ್ಕದಲ್ಲಿದ್ದರೆ ಕಂಪ್ಯೂಟರ್ ಬಿಡಿಸುವ ಶಬ್ದದ ಚಿತ್ರದಲ್ಲಿ ಒಂದು ಗಟ್ಟಿ ಗೆರೆ ಸಿಗುತ್ತದೆ, ದುಂಬಿ ಎಷ್ಟು ಏರಿತೆಂದು ಅದರ ಮೇಲೆ ಅಳೆಯಬಹುದು ಎಂದು ಮೊಮ್ಮಗಳೇ ಹೇಳಿದ್ದು. ಮೊದಲಿಗೆ ಸಿಕ್ಕಿದ್ದು ಬರೀ ಎಸ್ಟೇಟಿನ ಜನರೇಟರು. ಅದಕ್ಕೆ ಕಂಪೆನಿಗಳು ಶುರುವಾಗುವ ಮೊದಲೇ ಹೋಗತೊಡಗಿದೆ. ಒಂದು ದಿನ ಗಾಳಿ. ಒಂದು ದಿನ ಯಾರದ್ದೋ ದನ ಬಂದು, ಮೊಮ್ಮಗಳು ನೂಲು ಕಟ್ಟಿ ಗುರುತಿಟ್ಟ ಕೊಂಬೆಯನ್ನೇ ನೂಲು ಸಮೇತ ತಿಂದಿತು. ಒಂದು ರಜೆಯ ದಿನ ಸೊಸೆಯೂ ಬಂದು ಕೊಡೆ ಹಿಡಿದು ಕೂತಳು. ಒಂದೇ ಹೂವಿಗೆ ದುಂಬಿ ಮತ್ತೆ ಮತ್ತೆ ಬರುವುದನ್ನು ಕಂಡು, ನಮ್ಮ ಬ್ಯಾಂಕಿನಲ್ಲಿ ಇಂಥ ಒಬ್ಬ ಇದ್ದರೆ ಸಾಕಿತ್ತು ಎಂದಳು. ಅವಳು ಮದುವೆಯಾಗಿ ಬಂದ ಮೇಲೆ ನಾವಿಬ್ಬರೂ ಕೆಲಸವಿಲ್ಲದೆ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು. ಕೆಲಸವಿಲ್ಲದೆ ಎಂದರೆ ಮೊಮ್ಮಗಳು ಜಗಳಕ್ಕೆ ಬಂದಾಳು.

ತಿಂಗಳ ಕೊನೆಯ ಆ ದಿನ ನಾವು ಮೂವರೂ ಆಟೋ ಮಾಡಿ ಕಾಲೇಜಿಗೆ ಹೋದೆವು. ಮೊಮ್ಮಗಳು ಕೋಲು ಊರಿ ಮುಂದೆ ಹೋಗಿ ನಿಂತಳು. ನಾನು ಮತ್ತು ಸೊಸೆ ಹಿಂದಿನ ಬೆಂಚಿನಲ್ಲಿ. ಅಷ್ಟು ದೊಡ್ಡ ಗೋಡೆಯ ಮೇಲೆ ನಮ್ಮ ನೆಕ್ಕರೆ ಹೂ ಕಂಡಿತು. ಅವಳು ಗಿಡದ ಬಗ್ಗೆ ಹೇಳಿದಳು, ಪಿಗ್ಮಿಯ ಬಗ್ಗೆ ಹೇಳಿದಳು, ಎಲ್ಲರೂ ನಕ್ಕರು. ಸೊಸೆ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಮೊಮ್ಮಗಳು ರೆಕಾರ್ಡ್ ಹಾಕಿದಳು. ಗೋಡೆಯ ಮೇಲೆ ಗೆರೆಗಳು ಮೂಡಿದವು. ಕೆಳಗೆ ನೇರವಾದ ಗೆರೆ ಶ್ರುತಿಯದ್ದು. ಅದರ ಮೇಲೆಯೇ ಸಾಗಿ ಬಂದು, ನಿಂತು, ಮೇಲೆ ಏರಿದ ಗೆರೆ ದುಂಬಿಯದ್ದು. ಒಂದರ ನಂತರ ಒಂದು ಹೂವಿನಲ್ಲೂ ಅದು ಏರಿತು.

ಸರ್ ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋದರು. ದುಂಬಿ ಏರಿದಲ್ಲೇ ಇನ್ನೊಂದು ಗೆರೆಯೂ ಏರುತ್ತಿತ್ತು. ಸ್ವಲ್ಪ ನಡುಗುವ ಗೆರೆ.

“ಇದು ಯಾವ ಜಾತಿಯ ದುಂಬಿ?”

ಮೊಮ್ಮಗಳು ಕೆಂಪಾದಳು. “ಅದು ನಮ್ಮ ಅಜ್ಜಿ, ಸರ್.”

ನನಗೇ ಗೊತ್ತಿರಲಿಲ್ಲ. ಅಷ್ಟು ದಿನವೂ ದುಂಬಿಯ ಜೊತೆ ನಾನು ಮೂಗಿನಲ್ಲೇ ಗುನುಗುತ್ತಿದ್ದೆನಂತೆ. ಅಷ್ಟೂ ಹುಡುಗ ಹುಡುಗಿಯರು ಹಿಂದೆ ತಿರುಗಿ ನೋಡಿದರು. ನಾನು ಎದ್ದು ನಿಂತೆ. ಕೂತು ಮುಖ ಅಡಗಿಸಿಕೊಳ್ಳುವುದಕ್ಕಿಂತ ಅದೇ ಒಳ್ಳೆಯದೆನಿಸಿತು.

ಸರ್ ನಗಲಿಲ್ಲ. ಗೋಡೆಯ ಮೇಲಿನ ಗೆರೆಗೆ ಬೆರಳಿಟ್ಟು ಕೇಳಿದರು: “ಅಮ್ಮ, ನೀವು ಪಂಚಮ ಅಂತ ಹೇಳಿದ್ದಂತೆ. ಇಲ್ಲಿ ದುಂಬಿ ಪಂಚಮದಿಂದ ಸ್ವಲ್ಪ ಕೆಳಗೆ ಉಂಟಲ್ಲ?”

“ಹೌದು ಸರ್. ನಾನೂ ಕೆಳಗೇ ಇದ್ದೇನೆ ನೋಡಿ. ನನ್ನ ಪ ಹತ್ತುವುದೇ ಅಲ್ಲಿವರೆಗೆ. ಟೀಚರ್ ಬೈಯದ ಶನಿವಾರ ಇಲ್ಲ.”

ಆಗ ಅವರಿಗೆ ನಗು ಬಂತು. ಅದು ನಿಂತ ಮೇಲೆ ಮೊಮ್ಮಗಳ ಕಡೆ ತಿರುಗಿ, ಎಲೆಯ ವಿಷಯ ಬೇಡ, ಇದನ್ನೇ ಮುಂದುವರಿಸು, ಇನ್ನು ಪರಾಗವನ್ನೂ ತೂಗಬೇಕು, ಅಜ್ಜಿಯ ಸ್ವರ ಇಲ್ಲದ ರೆಕಾರ್ಡೂ ಬೇಕು ಎಂದರು. ಮೊಮ್ಮಗಳು ಕೋಲು ಗೋಡೆಗೆ ಒರಗಿಸಿ, ಎರಡೂ ಕಾಲಿನಲ್ಲಿ ನಿಂತು ತಲೆ ಆಡಿಸಿದಳು. ಡಾಕ್ಟರು ಕಂಡಿದ್ದರೆ ಬೈಯುತ್ತಿದ್ದರು. ನನ್ನ ಪಕ್ಕದಲ್ಲಿ ಸೊಸೆ ಮೂಗು ಒರೆಸಿಕೊಂಡಳು. ನಾನು ಸೆರಗು ಸರಿಮಾಡಿಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ. ಎಲ್ಲರಿಗೂ ಸರಿಯಾಗಿ ಕಾಣಲಿ ಎಂದು.

ಕಾಲಿನ ಪಟ್ಟಿ ಬಿಚ್ಚಿದ ಮೇಲೆ ನಾನೂ ಮೊಮ್ಮಗಳೂ ಒಟ್ಟಿಗೆ ಪದವಿಗೆ ಹೋದೆವು. ಹೂ ಇನ್ನೂ ಇತ್ತು, ಹಣ್ಣೂ ಆಗಿತ್ತು. ಅವಳು ಸ್ಟೂಲಿನಲ್ಲಿ ಕೂತು ರೆಕಾರ್ಡ್ ಒತ್ತಿದಳು. ನಾನು ಕಲ್ಲಿನ ಮೇಲೆ, ಮಡಿಲಲ್ಲಿ ಹಣ್ಣು ತುಂಬಿಕೊಂಡು. ಕಪ್ಪು ಕೋಟಿನವನು ಬಂದು, ಹೂವನ್ನು ಅಪ್ಪಿಕೊಂಡ. ಮೊಮ್ಮಗಳು ನನ್ನ ಕಡೆ ತಿರುಗಿ ತುಟಿಗೆ ಬೆರಳಿಟ್ಟಳು.

ನಾನು ಬಾಯಿ ತೆರೆದು ನಾಲಿಗೆ ಚಾಚಿ ತೋರಿಸಿದೆ, ಕಪ್ಪಗೆ. ಹಾಡಲು ಅಲ್ಲಿ ಜಾಗವೇ ಇರಲಿಲ್ಲ.